ಕುಡಿದು ಗಾಡಿ ಓಡಿಸಿ ಠಾಣೆ ಸೇರಿದವರನ್ನು ಬಿಡಿಸಿಕೊಂಡು ಬರುವುದು ಹೇಗೆ?

ಹೊತ್ತಲ್ಲದ ಹೊತ್ತಲ್ಲಿ "ಅಣ್ಣಾ, ಊದಿಸಿದ್ರು, ಸ್ಟೇಷನ್ನಲ್ಲಿ ಇದ್ದೀನಿ" ಅಂತ ಫೋನ್ ಬಂದರೆ ನಮ್ಮ ಬಾಯಿಂದ ಮೊದಲು ಬರುವುದು "ಎಷ್ಟು ಕುಡಿದಿದ್ದೆ ಮಾರಾಯ?" ಅಂತ. ಆ ಹೊತ್ತಿಗೆ ಆ ಪ್ರಶ್ನೆಯಿಂದ ಏನೂ ಪ್ರಯೋಜನ ಇಲ್ಲ. ಎಷ್ಟು ಅಂತ ಮಷೀನ್ ಆಗಲೇ ಹೇಳಿರುತ್ತದೆ. ಕೇಳಬೇಕಾದ್ದು ಬೇರೆ: "ಯಾರಿಗಾದ್ರೂ ಪೆಟ್ಟಾಗಿದೆಯಾ?"

ಇಲ್ಲ ಅಂದರೆ ಅರ್ಧ ಚಿಂತೆ ಅಲ್ಲಿಗೇ ಇಳಿಯಿತು. ಜಾಮೀನು ಸಿಗುತ್ತದೆ, ಸಿಗಲೇಬೇಕು. ಹೌದು ಅಂದರೆ ಎಷ್ಟು ಪೆಟ್ಟು, ಜೀವಕ್ಕೆ ಏನಾದರೂ ಆಗಿದೆಯಾ ಅನ್ನುವುದರ ಮೇಲೆ ಮುಂದಿನ ದಾರಿ ನಿಲ್ಲುತ್ತದೆ. ಅದಕ್ಕೆ ಆಮೇಲೆ ಬರುತ್ತೇನೆ.

ನನಗೆ ಇದೆಲ್ಲ ಗೊತ್ತಾಗಿದ್ದು ಸೋದರಮಾವನ ಮಗನಿಂದ. ತೀರ್ಥಹಳ್ಳಿ ಕಡೆ ಬೀಗರೂಟ ಮುಗಿಸಿ ಬೈಕಿನಲ್ಲಿ ಶಿವಮೊಗ್ಗಕ್ಕೆ ಬರುತ್ತಿದ್ದ. ಬೀಗರೂಟ ಅಂದಮೇಲೆ ಕೇಳಬೇಕಾ? ಕೋಳಿ, ಕಡುಬು, ಜೊತೆಗೆ ತೋಟದ ಮೂಲೆಯಲ್ಲಿ ಇನ್ನೊಂದು ಪಂಕ್ತಿ. ದಾರಿಯಲ್ಲಿ ಪೊಲೀಸರು ನಿಲ್ಲಿಸಿದರು. ಅವನು ಬಾಯಿ ತುಂಬ ಎಲೆಅಡಿಕೆ ಹಾಕಿಕೊಂಡಿದ್ದನಂತೆ, ವಾಸನೆ ಬಾರದಿರಲಿ ಅಂತ. ಪೊಲೀಸರ ಮೂಗಿಗೆ ಅದು ಅಡ್ಡ ಬಂದಿರಬಹುದು, ಮಷೀನಿಗೆ ಬರಲಿಲ್ಲ. ಆ ರಾತ್ರಿ ನಾನು ಮಾಡಿದ ತಪ್ಪುಗಳೇ ಈ ಲೇಖನಕ್ಕೆ ಮೂಲ.

ಕೇಸು ಯಾವುದು ಅಂತ ಮೊದಲು ತಿಳಿದುಕೊಳ್ಳಿ

ಕುಡಿದು ಓಡಿಸಿದ್ದಕ್ಕೆ ಹಾಕುವುದು ಮೋಟಾರು ವಾಹನ ಕಾಯ್ದೆ 1988ರ 185ನೇ ಕಲಂ. ನೂರು ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಜಾಸ್ತಿ ಮದ್ಯ ಇದ್ದರೆ ಅಪರಾಧ. ಮೊದಲ ಸಲ ಸಿಕ್ಕಿದರೆ 6 ತಿಂಗಳವರೆಗೆ ಜೈಲು ಅಥವಾ 10,000 ರೂಪಾಯಿ ದಂಡ, ಇಲ್ಲವೇ ಎರಡೂ. ಮತ್ತೊಮ್ಮೆ ಸಿಕ್ಕಿದರೆ 2 ವರ್ಷದವರೆಗೆ ಜೈಲು ಅಥವಾ 15,000 ರೂಪಾಯಿ, ಇಲ್ಲವೇ ಎರಡೂ. 2019ರ ತಿದ್ದುಪಡಿ ಬಂದಮೇಲೆ ಇರುವ ಮೊತ್ತ ಇದು. ಗಾಂಜಾದಂಥ ಅಮಲಿನಲ್ಲಿ ಓಡಿಸಿದರೂ ಇದೇ ಕಲಂ. ಆದರೆ ಜೇಬಿನಲ್ಲಿ ಗಾಂಜಾ ಸಿಕ್ಕಿದರೆ ಮಾದಕ ವಸ್ತು ತಡೆಯುವ ಎನ್‌ಡಿಪಿಎಸ್ ಕಾಯ್ದೆಯೂ ಸೇರಿಕೊಳ್ಳುತ್ತದೆ. ಆಗ ಈ ಲೇಖನ ಸಾಲದು, ವಕೀಲರು ಬೇಕು.

3 ವರ್ಷಕ್ಕಿಂತ ಕಡಿಮೆ ಶಿಕ್ಷೆ ಇರುವ ಇಂಥ ಅಪರಾಧಗಳು ಜಾಮೀನು ಕೊಡಲೇಬೇಕಾದವು. 2024ರ ಜುಲೈ 1ರಿಂದ, ಬಂಧನ-ಜಾಮೀನಿನ ನಿಯಮಗಳಿದ್ದ ಹಳೆಯ ಸಿಆರ್‌ಪಿಸಿ ಜಾಗಕ್ಕೆ ಬಂದಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 478ನೇ ಕಲಂ ಇದನ್ನೇ ಹೇಳುತ್ತದೆ. ಜಾಮೀನು ಕೊಡಲು ತಯಾರಿರುವ ಆರೋಪಿಯನ್ನು ಠಾಣಾಧಿಕಾರಿ ಬಿಡಬೇಕು. ಅದಕ್ಕಾಗಿ ಕೋರ್ಟಿನವರೆಗೆ ಹೋಗಬೇಕಿಲ್ಲ. ಜನ 'ಸ್ಟೇಷನ್ ಬೇಲ್' ಅನ್ನುವುದು ಇದಕ್ಕೇ.

ಇದು ಉಪಕಾರ ಅಲ್ಲ. ಹಾಗಾಗಿ ಯಾರ ಶಿಫಾರಸೂ ಬೇಕಿಲ್ಲ. ನಮ್ಮ ಕಡೆ ಏನೇ ಆಗಲಿ, ಮೊದಲು ಯಾರಾದರೂ ಮುಖಂಡರ ನಂಬರ್ ಹುಡುಕುವ ಚಟ ಇದೆ ಅಲ್ವಾ? ನಾನೂ ಅದನ್ನೇ ಮಾಡಿದೆ. ಪರಿಚಯದ ಪುಢಾರಿಯೊಬ್ಬರಿಗೆ ಫೋನ್ ಮಾಡಿ, ಅವರು ಇನ್ನೊಬ್ಬರಿಗೆ ಮಾಡಿ, ಅವರು ಎತ್ತದೇ, ಒಂದೂವರೆ ಗಂಟೆ ಹೋಯಿತು. ಆ ಒಂದೂವರೆ ಗಂಟೆಯಲ್ಲಿ ಆಧಾರ್ ಕಾರ್ಡ್ ಹಿಡಿದು ಸೀದಾ ಠಾಣೆಗೆ ಹೋಗಿದ್ದರೆ ಹುಡುಗ ಮನೆಯಲ್ಲಿರುತ್ತಿದ್ದ.

ಇನ್ನೊಂದು ಮಾತು. ಹೆಚ್ಚಿನ ಕೇಸುಗಳಲ್ಲಿ ಬಂಧನವೇ ಆಗುವುದಿಲ್ಲ. ಊದಿಸುತ್ತಾರೆ, ಚೀಟಿ ಬರುತ್ತದೆ, ಸಹಿ ಹಾಕಿಸಿಕೊಳ್ಳುತ್ತಾರೆ, ಗಾಡಿ ಠಾಣೆಗೆ ಹೋಗುತ್ತದೆ, ಕೋರ್ಟಿಗೆ ಬಾ ಅಂತ ನೋಟಿಸ್ ಕೊಟ್ಟು ಕಳಿಸುತ್ತಾರೆ. ಹಾಗಾದರೆ ಜಾಮೀನಿನ ಮಾತೇ ಬರುವುದಿಲ್ಲ. ರಸ್ತೆಯಲ್ಲೇ ದುಡ್ಡು ಕೊಟ್ಟು ಮುಗಿಸೋಣ ಅಂತ ಮಾತ್ರ ಹೋಗಬೇಡಿ. ಹೆಲ್ಮೆಟ್ ದಂಡದ ಹಾಗೆ 185ನ್ನು ಅಲ್ಲೇ ಕಟ್ಟಿಸಿಕೊಂಡು ರಾಜಿ ಮಾಡಲು ಕಾಯ್ದೆಯಲ್ಲಿ ಅವಕಾಶ ಇಲ್ಲ. ದಂಡ ಕೋರ್ಟಿನಲ್ಲೇ ಕಟ್ಟಬೇಕು. ರಸೀದಿ ಇಲ್ಲದೆ ಕೊಟ್ಟ ದುಡ್ಡು ಲಂಚ, ಅದು ಇನ್ನೊಂದು ಅಪರಾಧ.

ಠಾಣೆಯಲ್ಲಿರುವವನು ಏನು ಮಾಡಬೇಕು

ಜಗಳ ಬೇಡ. 'ನಾನು ಯಾರು ಗೊತ್ತಾ' ಅನ್ನುವ ಮಾತು ಬೇಡವೇ ಬೇಡ. ಕುಡಿದ ಕೇಸು ಒಂದು ರಾತ್ರಿಯದು. ಪೊಲೀಸರ ಮೈಮೇಲೆ ಕೈಹಾಕಿದ, ಕರ್ತವ್ಯಕ್ಕೆ ಅಡ್ಡಿ ಮಾಡಿದ ಕೇಸು ವರ್ಷಗಟ್ಟಲೆಯದು.

ಊದುವುದಿಲ್ಲ ಅಂತ ಹಟ ಹಿಡಿದರೂ ಲಾಭ ಇಲ್ಲ. ಕಾರಣವಿಲ್ಲದೆ ನಿರಾಕರಿಸಿದರೆ ಅದನ್ನೇ ಕೋರ್ಟಿನಲ್ಲಿ ನಿಮ್ಮ ವಿರುದ್ಧ ಬಳಸಬಹುದು, ನಿರಾಕರಿಸಿದವರನ್ನು ವಾರಂಟ್ ಇಲ್ಲದೆ ಬಂಧಿಸಲೂಬಹುದು. ಬದಲಿಗೆ ಇರುವ ಹಕ್ಕು ಬಳಸಿಕೊಳ್ಳಿ. ಬಂಧನವಾದಮೇಲೆ ಠಾಣೆಯಲ್ಲಿ ಇನ್ನೊಮ್ಮೆ ಊದಲು ಅವಕಾಶ ಕೊಡಬೇಕು ಅಂತ 203ನೇ ಕಲಂನಲ್ಲಿದೆ. ಮಷೀನ್ ಮೇಲೆ ನಿಮಗೆ ಅನುಮಾನ ಇದ್ದರೆ ಸಮಾಧಾನವಾಗಿ ಕೇಳಿ.

ಎರಡು ಗಂಟೆಯ ಲೆಕ್ಕವೂ ಒಂದಿದೆ, ಇದು ಜಾಸ್ತಿ ಜನಕ್ಕೆ ಗೊತ್ತಿಲ್ಲ. 185ರಲ್ಲಿ ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದು. ಆದರೆ ಬಂಧಿಸಿದ ಎರಡು ಗಂಟೆಯೊಳಗೆ ನೋಂದಾಯಿತ ವೈದ್ಯರಿಂದ ಪರೀಕ್ಷೆ ಆಗಬೇಕು, ಆಗದಿದ್ದರೆ ಬಿಡಬೇಕು. 202ನೇ ಕಲಂನ ಮಾತು ಇದು. ಶಿವಮೊಗ್ಗ ಪೇಟೆಯಲ್ಲಿ ಮೆಗ್ಗಾನ್ ಆಸ್ಪತ್ರೆ ಹತ್ತಿರವೇ ಇದೆ, ಕಷ್ಟ ಇಲ್ಲ. ಘಟ್ಟದ ಅಂಚಿನ ಠಾಣೆಗಳ ಕಥೆ ಬೇರೆ. ಆಷಾಢದ ಮಳೆ, ಮರ ಬಿದ್ದ ರಸ್ತೆ, ರಾತ್ರಿ ಡ್ಯೂಟಿಯಲ್ಲಿ ಡಾಕ್ಟರ್ ಇದ್ದಾರೋ ಇಲ್ಲವೋ. ಹಾಗಾಗಿ ಹಿಡಿದ ಹೊತ್ತು ಎಷ್ಟು, ಆಸ್ಪತ್ರೆಗೆ ಕರೆದೊಯ್ದ ಹೊತ್ತು ಎಷ್ಟು, ಎರಡನ್ನೂ ನೆನಪಿಟ್ಟುಕೊಳ್ಳಿ. ಫೋನ್ ಕೈಯಲ್ಲಿದ್ದರೆ ಮನೆಯವರಿಗೆ ಒಂದು ಮೆಸೇಜ್ ಹಾಕಿ, ಹೊತ್ತು ತಾನೇ ದಾಖಲಾಗುತ್ತದೆ. ಎರಡು ಗಂಟೆ ಮೀರಿತು ಅಂದರೆ ಬಂಧನದಿಂದ ಬಿಡಬೇಕು ಅಂತ ಅರ್ಥವೇ ಹೊರತು ಕೇಸು ಬಿದ್ದುಹೋಯಿತು ಅಂತಲ್ಲ.

ಹೆಂಗಸರ ವಿಷಯದಲ್ಲಿ ಎರಡು ರಕ್ಷಣೆ ಇವೆ. ಸೂರ್ಯ ಮುಳುಗಿದಮೇಲೆ, ಹುಟ್ಟುವ ಮೊದಲು, ವಿಶೇಷ ಸಂದರ್ಭ ಬಿಟ್ಟು ಹೆಂಗಸರನ್ನು ಬಂಧಿಸುವಂತಿಲ್ಲ. ಅಂಥ ಸಂದರ್ಭದಲ್ಲೂ ಮಹಿಳಾ ಪೊಲೀಸರು ಮ್ಯಾಜಿಸ್ಟ್ರೇಟರ ಅನುಮತಿ ಮೊದಲೇ ಪಡೆದಿರಬೇಕು. ಪರೀಕ್ಷೆಗೆ ರಕ್ತ ತೆಗೆಯುವಾಗ ವೈದ್ಯೆ ಇರಬೇಕು, ಇಲ್ಲವೇ ಇನ್ನೊಬ್ಬ ಹೆಂಗಸು ಎದುರಿಗಿರಬೇಕು.

ಯಾಕೆ ಬಂಧಿಸಿದ್ದೀರಿ ಅಂತ ಕೇಳುವುದು, ಮನೆಯವರಿಗೆ ತಿಳಿಸಿ ಅನ್ನುವುದು, ವಕೀಲರನ್ನು ಭೇಟಿ ಮಾಡುವುದು, ಇವೆಲ್ಲ ಎಲ್ಲರ ಹಕ್ಕು. ಬಂಧನದ ಮೆಮೊದಲ್ಲಿ ಹೊತ್ತು ಸರಿಯಾಗಿದೆಯಾ ನೋಡಿ ಸಹಿ ಹಾಕಿ. ಖಾಲಿ ಹಾಳೆಗೆ ಸಹಿ ಬೇಡ. ಮೈಮೇಲಿನ ಸರ, ಉಂಗುರ, ಪರ್ಸ್ ತೆಗೆದಿಟ್ಟುಕೊಂಡರೆ ಪಟ್ಟಿಯಲ್ಲಿ ಬರೆಸಿ. ನಮ್ಮ ಹುಡುಗನ ಪರ್ಸು ವಾಪಸು ಬಂತು. ಅದರಲ್ಲಿ ಎಷ್ಟಿತ್ತು ಅನ್ನುವುದು ಅವನಿಗೇ ನೆನಪಿರಲಿಲ್ಲ, ಹಾಗಾಗಿ ಆ ವಿಷಯ ಅಲ್ಲಿಗೇ ಬಿಟ್ಟೆವು.

ಮನೆಯಿಂದ ಹೊರಡುವ ಮುಂಚೆ

ಆ ರಾತ್ರಿ ಹೆಚ್ಚು ಒದ್ದಾಡಿದ್ದು ಇಲ್ಲೇ. ಬರಿಗೈಯಲ್ಲಿ ಓಡಿಹೋದೆ. ರೈಟರ್ ಕೇಳಿದರು, "ಶ್ಯೂರಿಟಿ ಯಾರು? ಆಧಾರ್ ತಂದಿದ್ದೀರಾ?" ನನ್ನ ಆಧಾರ್ ಮನೆಯಲ್ಲಿತ್ತು.

ಶ್ಯೂರಿಟಿ ಅಂದರೆ ಜಾಮೀನುದಾರ. ಕರೆದ ದಿನ ಈತನನ್ನು ಕರೆತರುತ್ತೇನೆ ಅಂತ ಸಹಿ ಹಾಕುವವರು. ಹತ್ತಿರದವರಾದರೆ ಒಳ್ಳೆಯದು, ಕುಡಿಯದೇ ಇರುವುದು ಅದಕ್ಕಿಂತ ಮುಖ್ಯ. ಬೀಗರೂಟಕ್ಕೆ ಜೊತೆಗೆ ಹೋದ ಗೆಳೆಯರನ್ನೇ ಶ್ಯೂರಿಟಿಗೆ ಕರೆದುಕೊಂಡು ಹೋಗುವವರೂ ಇದ್ದಾರೆ, ಆಮೇಲೆ ಪೊಲೀಸರು ಅವರನ್ನೂ ಊದಿಸಲಿ ಅಂತಲೋ ಏನೋ. ಆರೋಪಿಯ ಮತ್ತು ಜಾಮೀನುದಾರರ ಆಧಾರ್, ಎರಡೆರಡು ಜೆರಾಕ್ಸ್, ಇಬ್ಬರ ಪಾಸ್‌ಪೋರ್ಟ್ ಅಳತೆಯ ಫೋಟೊ, ಗಾಡಿಯ ಆರ್‌ಸಿ, ಇನ್ಶೂರೆನ್ಸ್, ಲೈಸೆನ್ಸ್, ಇಷ್ಟನ್ನು ಒಂದು ಕವರಿಗೆ ಹಾಕಿಕೊಳ್ಳಿ. ರಾತ್ರಿ ಹನ್ನೆರಡಕ್ಕೆ ತೀರ್ಥಹಳ್ಳಿಯಲ್ಲೋ ಹೊಸನಗರದಲ್ಲೋ ಜೆರಾಕ್ಸ್ ಅಂಗಡಿ ಹುಡುಕಿ ನೋಡಿ, ಆಗ ಈ ಕವರಿನ ಬೆಲೆ ಗೊತ್ತಾಗುತ್ತದೆ.

ಸ್ಟೇಷನ್ ಬೇಲಿಗೆ ಇಷ್ಟರಲ್ಲೇ ಕೆಲಸ ಮುಗಿಯುವುದು ಹೆಚ್ಚು. ಕೋರ್ಟಿನಲ್ಲಿ ಜಾಮೀನು ಪಡೆಯಬೇಕಾದರೆ ಪಹಣಿ ಕೇಳುತ್ತಾರೆ. ಮಲೆನಾಡಿನ ತಾಪತ್ರಯ ಶುರುವಾಗುವುದು ಆಗ. ಎಕರೆಗಟ್ಟಲೆ ಅಡಿಕೆ ತೋಟ ಇರುತ್ತದೆ, ಪಹಣಿ ಮಾತ್ರ ತೀರಿಕೊಂಡ ಅಜ್ಜನ ಹೆಸರಲ್ಲಿ. ಇಲ್ಲವೇ ಜಂಟಿ ಖಾತೆ, ನಾಲ್ಕು ಜನ ಅಣ್ಣತಮ್ಮಂದಿರು, ಒಬ್ಬರಿಗೊಬ್ಬರು ಮಾತಿಲ್ಲ. ಇಲ್ಲವೇ ಬಗರ್‌ಹುಕುಂ, ಮೂವತ್ತು ವರ್ಷದಿಂದ ಉತ್ತರೂ ಕಾಗದ ಆಗಿಲ್ಲ. ತೋಟ ನಮ್ಮದೇ ಅಂತ ನಾವೆಷ್ಟು ಹೇಳಿದರೂ ಕೋರ್ಟು ನೋಡುವುದು ಪಹಣಿಯ ಹೆಸರಿನ ಅಂಕಣವನ್ನೇ. ಹಾಗಾಗಿ ಯಾರ ಹೆಸರಲ್ಲಿ ಒಂಟಿ ಖಾತೆ ಇದೆ ಅಂತ ಮೊದಲೇ ಯೋಚಿಸಿ ಅವರನ್ನೇ ಕರೆಯಿರಿ. ನಮ್ಮ ಮನೆಯಲ್ಲಿ ಹಾಗಿದ್ದವರು ಅತ್ತೆ ಒಬ್ಬರೇ, ತವರಿನಿಂದ ಬಂದ ಅರ್ಧ ಎಕರೆ ಗದ್ದೆ. ಹೊಸ ಪಹಣಿ ನಾಡಕಚೇರಿಯಲ್ಲೂ ಸಿಗುತ್ತದೆ, ಭೂಮಿ ವೆಬ್‌ಸೈಟಿನಲ್ಲೂ ತೆಗೆಯಬಹುದು.

ಶ್ಯೂರಿಟಿ ಕೊಡಲು ಯಾರೂ ಇಲ್ಲ ಅಂತ ಇಟ್ಟುಕೊಳ್ಳಿ. ದೂರದ ಊರಿನಿಂದ ಅಡಿಕೆ ಕೊನೆ ಕೊಯ್ಲಿಗೆ ಬಂದ ಕೂಲಿಯವರು, ಹೋಂಸ್ಟೇಯಲ್ಲಿ ಕೆಲಸ ಮಾಡುವ ಹುಡುಗರು, ಇವರಿಗೆ ಇಲ್ಲಿ ಪರಿಚಯದವರೇ ಇರುವುದಿಲ್ಲ. ಜಾಮೀನು ಸಿಗುವ ಅಪರಾಧದಲ್ಲಿ, ಬಡತನದಿಂದ ಶ್ಯೂರಿಟಿ ತರಲಾಗದವರನ್ನು ಅವರದೇ ಮುಚ್ಚಳಿಕೆ ಮೇಲೆ ಬಿಡಬೇಕು ಅಂತ ಅದೇ 478ನೇ ಕಲಂ ಹೇಳುತ್ತದೆ. ಬಂಧನವಾಗಿ ಒಂದು ವಾರ ಕಳೆದರೂ ಶ್ಯೂರಿಟಿ ತರಲಾಗದಿದ್ದರೆ ಅವರು ಬಡವರೆಂದೇ ಭಾವಿಸಬೇಕು. ಇದನ್ನು ಬಾಯಿಬಿಟ್ಟು ಕೇಳಬೇಕು, ತಾನಾಗಿ ಯಾರೂ ಹೇಳುವುದಿಲ್ಲ.

ಬಾಂಡ್ ಅಂದರೆ ದುಡ್ಡು ಕಟ್ಟುವುದಲ್ಲ

ಬಾಂಡಿನಲ್ಲಿ ಇಷ್ಟು ಸಾವಿರ ಅಂತ ಬರೆದದ್ದು ನೋಡಿ ನಮ್ಮ ಮಾವ ಹೌಹಾರಿದರು. "ಈಗ ಅಷ್ಟು ದುಡ್ಡು ಎಲ್ಲಿಂದ ತರದು?" ಅಂತ. ಆ ಮೊತ್ತವನ್ನು ಅಲ್ಲಿ ಕಟ್ಟುವುದಲ್ಲ. ಕರೆದಾಗ ಬಾರದಿದ್ದರೆ ಇಷ್ಟು ಕೊಡುತ್ತೇನೆ ಅಂತ ಬರೆದುಕೊಡುವ ಮಾತು ಅದು. ಹುಡುಗ ತಪ್ಪಿಸಿಕೊಂಡರೆ ಮಾತ್ರ ಅವನಿಂದಲೂ ಶ್ಯೂರಿಟಿಯಿಂದಲೂ ವಸೂಲಿ ಮಾಡಬಹುದು. ಕೋರ್ಟು ಕೆಲವೊಮ್ಮೆ ನಗದು ಭದ್ರತೆ ಇಡು ಅನ್ನುವುದುಂಟು, ಆಗ ರಸೀದಿ ಕೊಡುತ್ತಾರೆ.

ಬಾಂಡಿನಲ್ಲಿ ಯಾವ ಕೋರ್ಟು, ಯಾವ ತಾರೀಕು ಅಂತ ಇದೆಯೋ ನೋಡಿ, ಫೋಟೊ ತೆಗೆದುಕೊಳ್ಳಿ. ಎಫ್‌ಐಆರ್ ಆಗಿದ್ದರೆ ಅದರ ನಂಬರ್ ಬರೆದುಕೊಳ್ಳಿ. ಸುಪ್ರೀಂ ಕೋರ್ಟಿನ 2016ರ ಆದೇಶದ ಪ್ರಕಾರ ಸಾಮಾನ್ಯ ಕೇಸುಗಳ ಎಫ್‌ಐಆರ್ ಪೊಲೀಸ್ ವೆಬ್‌ಸೈಟಿಗೆ ಏರಬೇಕು. ಅದನ್ನು ತೆರೆದು ಕಲಂಗಳನ್ನು ಓದಿ. ಬಾಯಲ್ಲಿ '185 ಅಷ್ಟೇ' ಅಂದಿದ್ದವರು ಕಾಗದದಲ್ಲಿ ಬೇರೆ ಕಲಮೂ ಸೇರಿಸಿರಬಹುದು.

ಅಮಲು ಇಳಿಯದವನನ್ನು ಒಬ್ಬನೇ ಕಳಿಸಲು ಪೊಲೀಸರು ಹಿಂದೆಮುಂದೆ ನೋಡುತ್ತಾರೆ, ಅದು ಸರಿಯೇ. ಕುಡಿಯದ ಒಬ್ಬರು ಕಾರು ತಂದು ಕರೆದುಕೊಂಡು ಹೋಗಿ. ಬೆಳಗಿನ ಮೊದಲ ಬಸ್ಸಿನವರೆಗೂ ಠಾಣೆ ಬೆಂಚಿನ ಮೇಲೆ ಕೂರುವುದಕ್ಕಿಂತ ಅದು ವಾಸಿ.

ಠಾಣೆಯಲ್ಲಿ ಬಿಡದಿದ್ದರೆ

ಬಂಧಿಸಿದ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ದಾರಿಯ ಪ್ರಯಾಣದ ಹೊತ್ತು ಮಾತ್ರ ಲೆಕ್ಕಕ್ಕಿಲ್ಲ. ಭಾನುವಾರ, ಹಬ್ಬ ಅಂತ ಇದು ನಿಲ್ಲುವುದಿಲ್ಲ, ರಜೆ ದಿನ ನ್ಯಾಯಾಧೀಶರ ಮನೆಯಲ್ಲೇ ಹಾಜರುಪಡಿಸುತ್ತಾರೆ. ವಕೀಲರಿಗೆ ದುಡ್ಡಿಲ್ಲದಿದ್ದರೆ 15100ಕ್ಕೆ ಫೋನ್ ಮಾಡಿ, ಅದು ಕಾನೂನು ಸೇವೆಯ ಸಹಾಯವಾಣಿ. ಶಿವಮೊಗ್ಗದಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ, ತಾಲ್ಲೂಕುಗಳಲ್ಲಿ ಸಮಿತಿಗಳಿವೆ. ಬಂಧನದಲ್ಲಿರುವವರಿಗೆ ಉಚಿತ ವಕೀಲರು ಸಿಗಲು ವರಮಾನದ ಮಿತಿ ಅಡ್ಡಿ ಬರುವುದಿಲ್ಲ.

ಪೆಟ್ಟಾಗಿದ್ದರೆ

ಅಜಾಗರೂಕ ಚಾಲನೆಗೆ, ಹಳೆಯ ಐಪಿಸಿ ಜಾಗಕ್ಕೆ ಬಂದಿರುವ ಭಾರತೀಯ ನ್ಯಾಯ ಸಂಹಿತೆಯ 281, ಪೆಟ್ಟಿಗೆ 125. ಕುಡಿದ ಕೇಸಿನ ಜೊತೆ ಇವು ಸೇರಿಕೊಂಡರೂ ಜಾಮೀನು ಸಿಗುವ ಅಪರಾಧಗಳೇ. ಸಾವಾದರೆ 106(1), ನಿರ್ಲಕ್ಷ್ಯದಿಂದ ಸಾವು, 5 ವರ್ಷದವರೆಗೆ ಶಿಕ್ಷೆ. ಇದಕ್ಕೂ ಜಾಮೀನು ಹಕ್ಕು.

ಆದರೆ ಕುಡಿದು ಓಡಿಸಿ ಜೀವ ತೆಗೆದ ಕೇಸಿನಲ್ಲಿ ಪೊಲೀಸರು 105 ಹಾಕಬಹುದು. ಕೊಲೆಯಲ್ಲದ ನರಹತ್ಯೆ ಅದು. ಹೀಗೆ ಓಡಿಸಿದರೆ ಸಾವಾಗಬಹುದು ಅಂತ ಗೊತ್ತಿದ್ದೂ ಓಡಿಸಿದ ಅನ್ನುವ ಆರೋಪ. ಮುಂಬೈಯಲ್ಲಿ ಕುಡಿದು ಕಾರು ಓಡಿಸಿ ಫುಟ್‌ಪಾತಿನಲ್ಲಿ ಮಲಗಿದ್ದವರ ಮೇಲೆ ಹರಿಸಿದ ಕೇಸಿನಲ್ಲಿ 2012ರಲ್ಲಿ ಸುಪ್ರೀಂ ಕೋರ್ಟ್ ಇದೇ ತರಹದ ಹಳೆಯ ಕಲಂ ಕೆಳಗಿನ ಶಿಕ್ಷೆಯನ್ನು ಎತ್ತಿಹಿಡಿದಿದೆ. 105ರಲ್ಲಿ ಠಾಣೆ ಜಾಮೀನು ಇಲ್ಲ. ವಕೀಲರ ಮೂಲಕ ಸೆಷನ್ಸ್ ಕೋರ್ಟಿಗೆ ಅರ್ಜಿ ಹಾಕಬೇಕು, ಸರ್ಕಾರಿ ವಕೀಲರು ಆಕ್ಷೇಪಣೆ ಹಾಕುತ್ತಾರೆ, ವಾದ ಆಗುತ್ತದೆ, ಆಮೇಲೆ ಆದೇಶ. ದಿನಗಳೂ ಹಿಡಿಯಬಹುದು, ವಾರಗಳೂ ಹಿಡಿಯಬಹುದು. ಒಂದೇ ರಾತ್ರಿಯಲ್ಲಿ ಬಿಡಿಸಿಕೊಡುತ್ತೇನೆ ಅಂತ ಯಾರಾದರೂ ದುಡ್ಡು ಕೇಳಿದರೆ ಅಲ್ಲಿಂದ ಎದ್ದು ಬನ್ನಿ.

ಇನ್ನೊಂದನ್ನು ನೇರವಾಗಿ ಹೇಳಿಬಿಡುತ್ತೇನೆ. ಗುದ್ದಿದಮೇಲೆ ನೆಂಟರ ಮನೆಯಲ್ಲಿ ಅಡಗಿ, ಅಮಲು ಇಳಿದಮೇಲೆ ಹಾಜರಾಗುವ ಉಪಾಯ ನಮ್ಮ ಕಡೆ ಬಹಳ ಜನ ಹೇಳಿಕೊಡುತ್ತಾರೆ. ಗಾಯಗೊಂಡವರಿಗೆ ಚಿಕಿತ್ಸೆ ಸಿಗುವಂತೆ ನೋಡಿಕೊಳ್ಳುವುದು, ಪೊಲೀಸರಿಗೆ ತಿಳಿಸುವುದು ಕಾಯ್ದೆ ಪ್ರಕಾರ ಚಾಲಕನ ಕರ್ತವ್ಯ. ಘಟ್ಟದ ರಸ್ತೆಯಲ್ಲಿ ಬಿಟ್ಟು ಓಡಿದರೆ ಮುಂದಿನ ಗಾಡಿ ಬರುವವರೆಗೆ ಆ ಮನುಷ್ಯ ಒಬ್ಬನೇ ಬಿದ್ದಿರುತ್ತಾನೆ. ಬದುಕಬಹುದಾಗಿದ್ದವನು ಸಾಯುತ್ತಾನೆ. ಜಾಮೀನಿನ ದೃಷ್ಟಿಯಿಂದ ನೋಡಿದರೂ, ಓಡಿಹೋದವನು ಮತ್ತೆ ಓಡುವುದಿಲ್ಲ ಅಂತ ನ್ಯಾಯಾಧೀಶರನ್ನು ನಂಬಿಸುವುದು ಕಷ್ಟ. 108ಕ್ಕೆ ಫೋನ್ ಮಾಡಿ ಅಲ್ಲೇ ನಿಲ್ಲಿ.

ಕೋರ್ಟು, ಗಾಡಿ, ಲೈಸೆನ್ಸ್

ಜಾಮೀನು ಸಿಕ್ಕಿತು ಅಂದರೆ ಕೇಸು ಮುಗಿಯಿತು ಅಂತ ತಿಳಿಯುವವರೇ ಜಾಸ್ತಿ. ತಾರೀಕಿನ ದಿನ ಹೋಗದಿದ್ದರೆ ವಾರಂಟ್ ಆಗುತ್ತದೆ, ಬಾಂಡ್ ಮುಟ್ಟುಗೋಲಾಗುತ್ತದೆ, ಶ್ಯೂರಿಟಿ ಹಾಕಿದ ಅತ್ತೆಗೆ ನೋಟಿಸ್ ಬರುತ್ತದೆ. ಜಾಮೀನಿನ ಮೇಲೆ ಹೊರಬಂದು ಸಕಾರಣವಿಲ್ಲದೆ ಕೋರ್ಟಿಗೆ ಬಾರದಿರುವುದೇ ಬೇರೆ ಅಪರಾಧ, ಅದಕ್ಕೆ 1 ವರ್ಷದವರೆಗೆ ಶಿಕ್ಷೆ ಇದೆ. ಅಡಿಕೆ ಸುಲಿತ ಇತ್ತು ಅನ್ನುವುದನ್ನು ಸಕಾರಣ ಅಂತ ಕೋರ್ಟು ಒಪ್ಪುವುದಿಲ್ಲ.

ಕೋರ್ಟಿನಲ್ಲಿ ಹೆಚ್ಚಿನವರು ತಪ್ಪೊಪ್ಪಿಕೊಂಡು ದಂಡ ಕಟ್ಟಿ ಬರುತ್ತಾರೆ. ನಮ್ಮ ಹುಡುಗನೂ ಹಾಗೇ ಮಾಡಿದ. ಹಾಗೆ ಮಾಡುವ ಮುಂಚೆ ಒಂದು ವಿಷಯ ಗೊತ್ತಿರಲಿ. ಒಪ್ಪಿಕೊಂಡರೆ ಅದು ಶಿಕ್ಷೆಯಾದ ದಾಖಲೆ. ಮುಂದಿನ ಸಲ ಸಿಕ್ಕಿಬಿದ್ದರೆ 'ಎರಡನೇ ಅಪರಾಧ' ಅನ್ನುವ ಲೆಕ್ಕ ಶುರುವಾಗುವುದು ಅಲ್ಲಿಂದ. ಸರ್ಕಾರಿ ಕೆಲಸದ ಅರ್ಜಿಯಲ್ಲಿ ಶಿಕ್ಷೆಯಾಗಿದೆಯಾ ಅಂತ ಕೇಳಿದರೆ ಹೌದು ಅಂತಲೇ ಬರೆಯಬೇಕು. ಚೀಟಿಯಲ್ಲಿ ಬಂದ ಅಂಕಿ 30ರ ಆಸುಪಾಸಿನಲ್ಲಿದ್ದರೆ, ವೈದ್ಯರ ಪರೀಕ್ಷೆ ಆಗದೇ ಇದ್ದರೆ, ಒಪ್ಪಿಕೊಳ್ಳುವ ಮೊದಲು ವಕೀಲರಿಗೆ ಕಾಗದ ತೋರಿಸಿ.

ಗಾಡಿ ಠಾಣೆಯ ಅಂಗಳದಲ್ಲಿ ಮಳೆಗೆ ನೆನೆಯುತ್ತಿರುತ್ತದೆ. ದಂಡ ಕಟ್ಟಿದ ರಸೀದಿ, ಆರ್‌ಸಿ, ಇನ್ಶೂರೆನ್ಸ್ ತೋರಿಸಿ ಬಿಡಿಸಿಕೊಳ್ಳಿ. ಅಪಘಾತದ ಕೇಸಾಗಿ ಗಾಡಿಯನ್ನು ಜಪ್ತಿ ಮಾಡಿದ್ದರೆ ಕೋರ್ಟಿಗೆ ಅರ್ಜಿ ಹಾಕಿ ಮಧ್ಯಂತರವಾಗಿ ವಶಕ್ಕೆ ಪಡೆಯಬಹುದು. ಗಾಡಿಗಳನ್ನು ಠಾಣೆಯಲ್ಲಿ ಸುಮ್ನೆ ಕೊಳೆಹಾಕಬಾರದು ಅಂತ 2002ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಅರ್ಜಿ ಹಾಕಬೇಕಾದವರು ಗಾಡಿಯ ಒಡೆಯರು. ಗೆಳೆಯನ ಬೈಕು ಕೇಳಿ ತಂದು ಸಿಕ್ಕಿಬಿದ್ದರೆ ಗೆಳೆಯನೂ ಒಂದು ದಿನ ಕೆಲಸ ಬಿಟ್ಟು ಬರಬೇಕು. ಗಾಡಿ ಎಲ್ಲಿಗಾದರೂ ಗುದ್ದಿ ಹಾಳಾಗಿದ್ದರೆ, ಕುಡಿದು ಓಡಿಸಿದ ಕಾರಣಕ್ಕೆ ಅದರ ರಿಪೇರಿ ದುಡ್ಡನ್ನು ಇನ್ಶೂರೆನ್ಸ್ ಕೊಡುವುದಿಲ್ಲ.

ಲೈಸೆನ್ಸನ್ನು ಪೊಲೀಸರು ವಶಕ್ಕೆ ಪಡೆದು ಆರ್‌ಟಿಒಗೆ ಕಳಿಸುತ್ತಾರೆ. ಲೈಸೆನ್ಸ್ ನಂಬರ್ ಕೆಎ 14 ಅಂತ ಇದ್ದರೆ ಶಿವಮೊಗ್ಗ ಕಚೇರಿ, ಕೆಎ 15 ಅಂತ ಇದ್ದರೆ ಸಾಗರ. ಅಲ್ಲಿಂದ ವಿವರಣೆ ಕೇಳಿ ನೋಟಿಸ್ ಬರುತ್ತದೆ, ಅದಕ್ಕೆ ಉತ್ತರ ಕೊಡಿ, ನಿಮ್ಮ ಮಾತು ಹೇಳಿಕೊಳ್ಳಲು ಇರುವ ಅವಕಾಶ ಅದು. ಮೊದಲ ಸಲಕ್ಕೆ 3 ತಿಂಗಳು ಅನರ್ಹತೆ, ಎರಡನೇ ಸಲಕ್ಕೆ ಲೈಸೆನ್ಸೇ ರದ್ದಾಗಬಹುದು. ಆ 3 ತಿಂಗಳಲ್ಲಿ ಓಡಿಸಿ ಸಿಕ್ಕಿಬಿದ್ದರೆ ಅದು ಹೊಸ ಕೇಸು. ನಮ್ಮ ಹುಡುಗ ಮಂಡಗದ್ದೆಯಿಂದ ಶಿವಮೊಗ್ಗದ ಕೆಲಸಕ್ಕೆ ಅಷ್ಟೂ ದಿನ ಬಸ್ಸಿನಲ್ಲೇ ಓಡಾಡಿದ. ಬೈಕು ಮನೆಯ ಕೊಟ್ಟಿಗೆಯಲ್ಲಿ ಗೋಣಿಚೀಲ ಹೊದ್ದು ನಿಂತಿತ್ತು, ಕೀ ಮಾತ್ರ ಅತ್ತೆಯ ಸೊಂಟದಲ್ಲಿತ್ತು.